ಬಲಗೈ ಮುಟ್ಟುವ ಶಾಸ್ತ್ರ

ವಾರಿಜಾಗೆ ಗಂಡ ಸೀನುವಿನ ಬಲಗೈ ಅಂದ್ರೆ ಒಂದು ಕಾಲದ ಇಡೀ ಜಯನಗರವೇ. ನಂದಾ ಟಾಕೀಸಿನ ಕತ್ತಲಲ್ಲಿ ಅತ್ತೆಯ ಭಯ ಮರೆತು ತಲೆ ಆನಿಸಿದ್ದು ಆ ತೋಳಿಗೇ. ಫೋರ್ತ್ ಬ್ಲಾಕಿನಿಂದ ತರಕಾರಿ ಚೀಲ ಹೊತ್ತದ್ದು, ಮಗಳು ಸಮನ್ವಿತಾಳನ್ನ ಎತ್ತಿ ಲಾಲ್‌ಬಾಗಿನ ಹೂವು ತೋರಿಸಿದ್ದು, ಬಸ್ಸಿನ ನೂಕುನುಗ್ಗಲಲ್ಲಿ ಇವಳಿಗೆ ಅಡ್ಡ ಬಂದದ್ದು, ಎಲ್ಲ ಅದೇ ಕೈ. ಆಹಾ, ಎಂಥಾ ದಿನಗಳಪ್ಪ ಅವು!

ಹೋದ ವರ್ಷ ಸೀನುಗೆ ಸ್ಟ್ರೋಕ್ ಆಯ್ತು. ಮಾತು ಉಳೀತು, ನಡಿಗೆ ಕುಂಟುತ್ತಾ ವಾಪಸ್ ಬಂತು. ಬಲಗೈ ಮಾತ್ರ ಮಡಿಚಿಕೊಂಡು ಎದೆಗಂಟಿ ಸೆಟೆದು ನಿಂತಿತು, ಮುಷ್ಟಿ ಬಿಚ್ಚಲೊಲ್ಲದು. ಅಲುಗಾಡದ ಕೈಗೆ ನೋವೆಲ್ಲಿಂದ ಅಂತೀರಾ? ಫ್ಯಾನ್ ಗಾಳಿ ಸೋಕಿದ್ರೂ ಉರಿ, ಅಂಗಿ ತಾಗಿದ್ರೂ ಚೀರಾಟ. ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಮುಟ್ಟಿದ್ರೂ ಸುಟ್ಟ ಹಾಗಾಗುತ್ತೆ ಅಂದಿದ್ರು ಡಾಕ್ಟರು. ವಾರಿಜಾ ಬೆರಳ ತುದಿಯಲ್ಲಿ ಮೆಲ್ಲಗೆ ಸವರೋಕೆ ಹೋದಾಗೆಲ್ಲ ಸೀನು "ಬೇಡ ಕಣೆ!" ಅಂತ ಹೌಹಾರುತ್ತಿದ್ದ. ಕೊನೆಗೆ ಅವಳು ಮುಟ್ಟೋದನ್ನೇ ಬಿಟ್ಟಳು. ಒಂದೇ ಮಂಚದಲ್ಲಿ ನಡುವೆ ದಿಂಬಿಟ್ಟು ಮಲಗಿ, ಗೋಡೆ ಕಡೆ ತಿರುಗಿ ಅಳುತ್ತಿದ್ದಳು.

ಈಗ ಸೀನುಗೆ ಎಪ್ಪತ್ತು ತುಂಬಿತಲ್ಲ, ಸಮನ್ವಿತಾ ಹಠ ಹಿಡಿದು ಭೀಮರಥ ಶಾಂತಿ ಇಡಿಸಿದಳು. ದಾನದ ಹೊತ್ತಿಗೆ ಪುರೋಹಿತರು, "ಅಮ್ಮಾ, ಯಜಮಾನರ ಬಲಗೈ ಮುಟ್ಕೊಂಡಿರಿ" ಅಂದ್ರು. ವಾರಿಜಾ ಚಾಚಿದ ಕೈಯನ್ನ ಹಿಂದಕ್ಕೆಳೆದುಕೊಂಡಳು. ಇಷ್ಟು ಜನರೆದುರು ಗಂಡ ಚೀರಿಕೊಂಡ್ರೆ? ಮುಟ್ಟದೇ ಹೋದ್ರೆ ತಾನೆಂಥಾ ಹೆಂಡತಿ?

"ದರ್ಭೆ ತಾಗಿಸಿದ್ರೂ ನಡೆಯುತ್ತೆ," ಅಂದ್ರು ಪುರೋಹಿತರು, ಪಾಪ.

ದರ್ಭೆಯ ತುದಿ ಸೋಕಿತೋ ಇಲ್ಲವೋ, ಸೀನು "ಅಯ್ಯೋ!" ಅಂದ. ಕೈ ಗಡಗಡ ನಡುಗಿ ಇನ್ನಷ್ಟು ಸೆಟೆಯಿತು, ಮೈ ವಾಲಿತು, ಕಲಶ ಇನ್ನೇನು ಉರುಳಬೇಕು. ವಾರಿಜಾ ಗಾಬರಿಯಲ್ಲಿ ಎರಡೂ ಕೈಯಿಂದ ಆ ತೋಳನ್ನ ಗಬಕ್ಕನೆ ಹಿಡಿದಳು. ಏನು ಮಾಡಿಬಿಟ್ಟೆನಪ್ಪ ಅಂತ ತಕ್ಷಣ ಬಿಡೋಕೆ ಹೋದಳು.

"ಬಿಡಬೇಡ," ಅಂದ ಸೀನು. ಮುಖದ ಗಂಟು ಸಡಿಲಾಗಿತ್ತು. "ಹೀಗೆ ಒತ್ತಿ ಹಿಡಿದ್ರೆ ಉರಿಯಲ್ಲ ಕಣೆ. ಸವರಿದ್ರೇ ಉರಿಯೋದು."

"ವರ್ಷದಿಂದ ಬಾಯಲ್ಲಿ ಕಡುಬು ತುರುಕ್ಕೊಂಡಿದ್ರಾ?"

"ನಂಗೇನೇ ಗೊತ್ತು? ವ್ಯಾಯಾಮ ಮಾಡಿಸೋಕೆ ಬಂದೋರು ಎಳೆದ್ರು, ನೀನು ಸವರಿದೆ. ಸುಮ್ನೆ ಹಿಡ್ಕೊಂಡೋರು ಯಾರು?"

ವಾರಿಜಾಗೆ ಸಿಟ್ಟು, ನಗು, ಅಳು ಒಟ್ಟಿಗೇ ಬಂತು. ಪ್ರೀತಿಯಿಂದ ಹಗುರಾಗಿ ಮುಟ್ಟಿ ಮುಟ್ಟಿಯೇ ಇವರನ್ನ ಸುಟ್ಟೆನಲ್ಲ ಅಂದುಕೊಂಡಳು. ಮಂತ್ರ ಮುಗಿದು ಪುರೋಹಿತರು, "ಇನ್ನು ಕೈ ಬಿಡಬಹುದಮ್ಮಾ" ಅಂದ್ರು.

"ನೀವು ಮುಂದಿನದು ಶುರು ಮಾಡಿ ಸ್ವಾಮಿ," ಅಂದಳು ವಾರಿಜಾ.