ಟೀಜಲಳ ಎದೆಯ ಅಳತೆ

ತಪ್ಪಾಯಿತು, ಸಾಕಿದವಳೇ ತನ್ನ ನಾಯಿಯನ್ನು ಹೊಗಳಿಕೊಳ್ಳಬಾರದು, ಆದರೂ ಈ ಪ್ರದರ್ಶನದ ಒದ್ದೆ ಹುಲ್ಲಿನ ಮೇಲೆ ಸಾಲಾಗಿ ನಿಂತ ನಾಯಿಗಳಲ್ಲಿ ಟೀಜಲಳಂಥ ಮುಖ ಇನ್ನೊಂದಿಲ್ಲ, ನೀರುನಾಯಿಯದರಂಥ ತಲೆ, ಒರಟು ಕಂದು ಮೈ — ಎಂದುಕೊಂಡ ಇಸೊಬೆಲ್ ತಕ್ಷಣ ನಾಚಿ ಹಗ್ಗ ಬಿಗಿಹಿಡಿದಳು, ಯಾರಿಗಾದರೂ ಕೇಳಿಸಿತೇ, ಇಲ್ಲ, ಬಾಯಿ ತೆರೆದಿರಲಿಲ್ಲವಲ್ಲ, ಚಹಾದ ಡೇರೆಯಿಂದ ಹಂದಿಮಾಂಸ ಹುರಿಯುವ ವಾಸನೆ, ಸಾಲಿನ ಆ ತುದಿಯಲ್ಲಿ ತೀರ್ಪುಗಾರ್ತಿ ಮಿಸ್ ರಿಡ್ಲಿ ಬಾಗಿ ಒಂದು ನಾಯಿಯ ಎದೆಯನ್ನು ಎರಡೂ ಕೈಗಳಿಂದ ಸುತ್ತ ಹಿಡಿದು ಅಳೆಯುತ್ತಿದ್ದಾರೆ, ಮೇಲೆ ಹೆಬ್ಬೆರಳಿಗೆ ಹೆಬ್ಬೆರಳು, ಕೆಳಗೆ ಬೆರಳಿಗೆ ಬೆರಳು ತಾಕಬೇಕು, ತಾಕದಷ್ಟು ದಪ್ಪಗಿದ್ದರೆ ನರಿಯ ಬಿಲದಲ್ಲಿ ಸಿಕ್ಕಿಬೀಳುವ ನಾಯಿ, ಅದನ್ನು ಬಿಲಕ್ಕೆ ನುಗ್ಗುವ ಬೇಟೆತಳಿ ಬಾರ್ಡರ್ ಟೆರಿಯರ್ ಎಂದು ಈ ಕಣಿವೆಯಲ್ಲಿ ಯಾರೂ ಒಪ್ಪುವುದಿಲ್ಲ — ಅಯ್ಯೋ, ಆ ಕೈಗಳು, ಎಷ್ಟು ಪುಟ್ಟ ಕೈಗಳು! ಪ್ರತಿ ವರ್ಷ ತೀರ್ಪಿಗೆ ಬರುತ್ತಿದ್ದವರು ಮುದಿ ಬೇಟೆಗಾರರು, ಸಲಿಕೆಯಂಥ ಕೈಯವರು, ಚಳಿಗಾಲವಿಡೀ ಅಡುಗೆಮನೆಯಲ್ಲಿ ಗಂಡನನ್ನೇ ಕರೆದು ಅಳೆಸಿದ್ದಳಲ್ಲ, ನೆಡ್, ಬಾ ಇಲ್ಲಿ, ಇವಳನ್ನ ಹಿಡಿದು ನೋಡು, ಕಲ್ಲುಗೋಡೆ ಕಟ್ಟುವ ನೆಡ್‌ನ ಕೈ, ಬೆರಳು ಕೂಡ್ತು ಕಣೇ, ಇನ್ನೂ ಬೇಕಾದಷ್ಟು ಜಾಗ ಇದೆ, ಒಂಚೂರು ಚೀಸ್ ಹಾಕ್ಲಾ ಪಾಪ — ಹಾಕು ಎಂದಿದ್ದಳು, ತಾನೇ ಎಂದಿದ್ದಳು, ಜಗತ್ತಿನಲ್ಲಿ ನೆಡ್‌ನದಲ್ಲದ ಕೈಗಳೂ ಇವೆಯೆಂದು ಹೊಳೆದೇ ಇರಲಿಲ್ಲ.

ಈಗ ಹೊಟ್ಟೆ ಒಳಗೆಳೆದುಕೋ ಮಗಳೇ, ಎಂದರೆ ನಾಯಿಗೆ ತಿಳಿದೀತೇ, ಹುಟ್ಟಿದಾಗ ಇಲಿಮರಿಯಷ್ಟಿದ್ದಳು, ಮರಿಗಳಲ್ಲೆಲ್ಲ ಕೊನೆಯವಳು, ಪಕ್ಕದ ಮನೆಯ ಕುರಿಗಾಹಿ ಜೇಕಬ್ ಇಣುಕಿ ನೋಡಿ, ಇದಾ, ಬಕೆಟ್ ನೀರಿಗೆ ಹಾಕಮ್ಮ, ಸುಮ್ನೆ ಯಾಕೆ ಗೋಳು, ಅವಳು ಕೇಳಲಿಲ್ಲ, ನೆಡ್‌ನ ಉಣ್ಣೆ ಟೋಪಿಯೊಳಗಿಟ್ಟು ಒಲೆಯ ಪಕ್ಕ ಕೂತಳು, ಹಾಲು ಹನಿ ಹನಿ, ಒದ್ದೆ ಹತ್ತಿಯಿಂದ ಹೊಟ್ಟೆ ನೀವುವುದು, ಆಮೇಲೆ ಈ ಮೈಗೂದಲು, ಕುರಿ ಕತ್ತರಿ ಇದೆಯಲ್ಲೇ, ಒಂದು ಗಳಿಗೆ ಕೆಲ್ಸ ಅಂದ ನೆಡ್, ಕತ್ತರಿ ತಾಕಿದರೆ ಕೂದಲು ಮೆತ್ತಗಾಗಿ ಮಳೆ ಚರ್ಮಕ್ಕಿಳಿಯುತ್ತದೆ, ಸತ್ತ ಕೂದಲನ್ನಷ್ಟೇ ಬೆರಳಲ್ಲಿ ಹಿಡಿದು ಕೀಳಬೇಕು, ಕಿತ್ತಳು, ಹೆಬ್ಬೆರಳು ಬಿರಿಯುವವರೆಗೆ — ಕಣದ ಸುತ್ತ ಕಟ್ಟಿದ ಹಗ್ಗದಾಚೆ ಜೇಕಬ್ ಹಲ್ಲು ಬಿಡುತ್ತಿದ್ದಾನೆ, ಏನಮ್ಮಾ ಇಸೊಬೆಲ್, ಬಕೆಟ್ ರಾಣಿ ಸವಾರಿ ಬಂತಾ, ಬಂತು ಜೇಕಬ್, ಕಣ್ಣಿದ್ರೆ ನೋಡು, ಅಯ್ಯೋ ಇದನ್ನು ಜೋರಾಗಿಯೇ ಅಂದುಬಿಟ್ಟಳು, ಅನ್ನಲಿ, ಯಾಕೆ ಅನ್ನಬಾರದು. ಹೆಸರೇನು? ಮಿಸ್ ರಿಡ್ಲಿ ಎದುರಿಗೇ ಇದ್ದಾರೆ. ಟೀಜಲ್, ಮೇಡಂ. ಮನೇಲೇ ಹುಟ್ಟಿದ್ದಾ? ಹೌದು ಮೇಡಂ, ಎಲ್ಲಕ್ಕಿಂತ ಚಿಕ್ಕದು. ಹಾಗೇನೂ ಕಾಣಲ್ಲ ಬಿಡಿ — ಅಂದರೇನು, ದಪ್ಪ ಎಂದೇ, ಕೇಳುವುದು ಹೇಗೆ, ಆ ಪುಟ್ಟ ಕೈಗಳು ಟೀಜಲಳ ಭುಜದ ಹಿಂದೆ ಸರಿದವು, ಅವಳ ಮುಂಗಾಲುಗಳು ಹುಲ್ಲಿನಿಂದ ಮೇಲೆದ್ದವು, ಗುರ್ರೆನ್ನಲಿಲ್ಲ, ಕೊಸರಲಿಲ್ಲ, ಎಲ್ಲರ ತಲೆಗಳ ಮೇಲಿಂದ ಗುಡ್ಡವನ್ನು ನೋಡುತ್ತಿದ್ದಾಳೆ, ಗುಡ್ಡ ತನ್ನದೇ ಎಂಬಂತೆ, ನೋಡೋ ಜೇಕಬ್, ನೋಡು, ಇವಳು ನನ್ನವಳು, ತಾಕಲಿ ಬಿಡಲಿ ನನ್ನವಳು — ಮಿಸ್ ರಿಡ್ಲಿಯವರ ಮಳೆಯಂಗಿಯ ತೋಳು ಅಡ್ಡ ಬಂದಿದೆ, ಆ ಕೈಗಳು, ಎದೆಯ ಸುತ್ತ ಆ ಎರಡು ಕೈಗಳು, ಬಿಗಿಯಾಗುತ್ತಿವೆ, ನಿಂತಿವೆ, ಇನ್ನೂ ನಿಂತೇ ಇವೆ, ಬೆರಳಿಗೆ ಬೆರಳು ಕೂಡಿತೋ ಇಲ್ಲವೋ, ಇಸೊಬೆಲ್‌ಗೆ ಗೊತ್ತಿಲ್ಲ.