ಹದಿನಾಲ್ಕು ಜನ, ಆರು ನಿಮಿಷ

ಹೋದ ವರ್ಷ ನವೆಂಬರ್‌ನಲ್ಲಿ ನಮ್ಮೂರ ಗ್ರಂಥಾಲಯದ ನಾಲ್ಕು ಕಂಪ್ಯೂಟರುಗಳ ಮುಂದೆ ಕೂತು ನಾವು ನಾಲ್ವರು ಮೂರು ವಾರದಲ್ಲಿ ನಲವತ್ತು ಲಕ್ಷ ಕೀರ್ತಿ ಗಳಿಸಲು ಹೊರಟೆವು. ಕೀರ್ತಿ ಎಂದರೆ ಆಟದೊಳಗಿನ ನಾಣ್ಯ. ಆ ಆಟದಲ್ಲಿ ಪ್ರತಿಯೊಬ್ಬರೂ ಒಬ್ಬ ಮಹಾವೀರನನ್ನು ಕಟ್ಟಿಕೊಂಡು, ಒಂದು ದೊಡ್ಡ ನಗರದಲ್ಲಿ ದುಷ್ಟರನ್ನು ಹೊಡೆದು ಜನರನ್ನು ಕಾಪಾಡಬೇಕು. ಕೆಲಸ ಮುಗಿಸಿದಷ್ಟೂ ಕೀರ್ತಿ. ಕೀರ್ತಿ ಕೊಟ್ಟರೆ ಕವಚ, ಗದೆ, ಮನೆ ಎಲ್ಲವೂ ಸಿಗುತ್ತದೆ.

ನಾನು ಕ್ರೆಂಗುತ್ಸಾ, ಜಿಯು ಕಣಿವೆಯ ಆ ಗ್ರಂಥಾಲಯವನ್ನು ನೋಡಿಕೊಳ್ಳುವವಳು. ಉಳಿದ ಮೂವರೂ ಕಲ್ಲಿದ್ದಲು ಗಣಿಯಲ್ಲಿ ಸಿಕ್ಕಿಬಿದ್ದವರನ್ನು ಹೊರತರುವ ರಕ್ಷಣಾ ದಳದಲ್ಲಿ ದುಡಿದು ನಿವೃತ್ತರಾದವರು. ಆವ್ರಾಮ್ ದಳದ ಮುಖ್ಯಸ್ಥನಾಗಿದ್ದವನು. ಅರವತ್ತೇಳು ವರ್ಷ, ಎದೆಯ ತುಂಬ ಗಣಿಯ ಧೂಳು, ಮೆಟ್ಟಿಲು ಹತ್ತಿ ಬಂದರೆ ಕಾಲು ಗಂಟೆ ಮಾತೇ ಹೊರಡುತ್ತಿರಲಿಲ್ಲ. ತ್ರಾಯನ್‌ನದು ಸುಮ್ಮನಿರದ ಬಾಯಿ. ಲಾಯೋಶ್ ಹಂಗೇರಿಯನ್ ಮನೆತನದವನು, ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು.

ಹಿರಿಯರಿಗೆ ಕಂಪ್ಯೂಟರ್ ಕಲಿಸಲು ಬಂದಿದ್ದ ಹುಡುಗಿ, ಮೌಸ್ ಹಿಡಿಯುವುದು ರೂಢಿಯಾಗಲಿ ಎಂದು ಆ ಆಟವನ್ನು ಹಾಕಿಕೊಟ್ಟಿದ್ದಳು. ತರಗತಿ ಮುಗಿಯಿತು, ಅವಳು ಹೊರಟುಹೋದಳು. ಇವರು ಹೋಗಲಿಲ್ಲ. ದಿನಾ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಪಾಳಿಗೆ ಬಂದವರಂತೆ ಬಂದು, "ನೊರೊಕ್ ಬುನ್" ಎಂದು ಗಣಿಯವರ ನಮಸ್ಕಾರ ಹೇಳಿ ಕೂತುಬಿಡುತ್ತಿದ್ದರು. ದೊಡ್ಡ ಕೆಲಸಗಳಿಗೆ ನಾಲ್ವರು ಬೇಕೇ ಬೇಕಾದ್ದರಿಂದ ನನ್ನನ್ನೂ ಎಳೆದುಕೊಂಡರು.

ಆವ್ರಾಮನ ವೀರ ಕಲ್ಲಿನ ಮೈಯವನು, ಎಷ್ಟು ಹೊಡೆದರೂ ನಿಂತಲ್ಲಿಂದ ಕದಲದವನು. ಲಾಯೋಶನ ವೀರ ಗೋಡೆಯೊಳಗೆ ತೂರಿ ಹೋಗಬಲ್ಲ. ತ್ರಾಯನ್‌ನದು ಹಳದಿ ಮೇಲಂಗಿ ತೊಟ್ಟು ಹಾರುವ ವೀರ, ಹೆಸರು ಕ್ಯಾನರಿ, ಹಿಂದೆ ವಿಷಗಾಳಿಯ ಪತ್ತೆಗೆ ಗಣಿಯೊಳಗೆ ಒಯ್ಯುತ್ತಿದ್ದ ಪುಟ್ಟ ಹಳದಿ ಹಕ್ಕಿಯದು. "ಗಾಳಿ ಕೆಟ್ರೆ ಮೊದಲು ಸಾಯೋನು ನಾನೇ, ಅದಕ್ಕೆ ಈ ಹೆಸರು," ಎಂದು ನಗುತ್ತಿದ್ದ. ನನ್ನ ವೀರೆ ಗಾಯ ವಾಸಿ ಮಾಡುವವಳು.

ಆ ವರ್ಷದ ವಸಂತದಲ್ಲಿ, ಇವರು ದುಡಿದಿದ್ದ ಊರಿನ ಹಳೆಯ ರಕ್ಷಣಾ ಠಾಣೆಯನ್ನು ಕೆಡವಿ ನೆಲ ಸಮ ಮಾಡಿದ್ದರು. ಮೂವರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನವೆಂಬರ್ ಮೊದಲ ವಾರ ಆಟದ ನಗರದ ಬಂದರಿನಲ್ಲಿ ಒಂದು ಅಗ್ನಿಶಾಮಕ ಠಾಣೆ ಮಾರಾಟಕ್ಕೆ ಬಂತು. ಎರಡು ಕೆಂಪು ಬಾಗಿಲು, ಪಕ್ಕದಲ್ಲಿ ನೀರಿನ ಕೊಳವೆ ಒಣಗಿಸುವ ಎತ್ತರದ ಗೋಪುರ. ಆವ್ರಾಮ್ ತನ್ನ ಕಲ್ಲಿನ ವೀರನನ್ನು ಅದರ ಮುಂದೆ ನಿಲ್ಲಿಸಿ ಬಹಳ ಹೊತ್ತು ನೋಡಿದ.

"ಬೆಲೆ ಎಷ್ಟಂತೆ ಮಗಳೇ?"

"ನಲವತ್ತು ಲಕ್ಷ, ಆವ್ರಾಮಣ್ಣ. ಮೂರು ವಾರ ಗಡುವು. ಮೂರನೇ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತೆ. ಯಾರು ಮೊದಲು ಕಟ್ತಾರೋ ಅವರಿಗೆ."

"ನಾವು ದಿನಕ್ಕೆ ಎಷ್ಟು ದುಡೀತೀವಿ?"

"ಮೂವತ್ತು ಸಾವಿರ."

ತ್ರಾಯನ್ ಶಿಳ್ಳೆ ಹಾಕಿದ. "ಹಂಗಾದ್ರೆ ಮುಂದಿನ ಬೇಸಿಗೆಗೆ ತಗೋಬಹುದು ಬಿಡು!"

"ತಗೋತೀವಿ," ಎಂದ ಆವ್ರಾಮ್. "ಇದೇ ತಿಂಗಳು."

ಆ ಠಾಣೆಯ ಮೇಲೆ ಕಣ್ಣಿಟ್ಟವರು ನಾವು ಮಾತ್ರವಲ್ಲ. ಪೋಲೆಂಡಿನ ಒಂದು ತಂಡ, 'ಉಕ್ಕಿನ ಗಿಡುಗಗಳು', ನಮಗೆ ಅಂದೇ ಸಂದೇಶ ಕಳಿಸಿತು: "ತಾತಂದಿರೇ, ಹೋಗಿ ಕಷಾಯ ಕುಡೀರಿ. ಠಾಣೆ ನಮ್ದು."

ಎಲ್ಲಕ್ಕಿಂತ ಬೇಗ ಕೀರ್ತಿ ತರುವ ಕೆಲಸ ಉರಿಯುವ ಹೋಟೆಲಿನದು ಎಂದು ಎಲ್ಲರಿಗೂ ಗೊತ್ತಿತ್ತು. ಮೇಲಿನ ಮಹಡಿಯಲ್ಲಿ ಕೆಂಡರಾಜನೆಂಬ ದುಷ್ಟ ಇರುತ್ತಾನೆ. ಅವನನ್ನು ಕೆಡವಿದರೆ ಕೆಲಸ ಮುಗಿದಂತೆ, ಎರಡು ಸಾವಿರ ಕೀರ್ತಿ. ಚುರುಕಿನ ತಂಡಗಳು ನೇರ ಮೇಲೆ ಹಾರಿ ಮೂರು ನಿಮಿಷದಲ್ಲಿ ಮುಗಿಸಿ ಮತ್ತೆ ಹೊಸದಾಗಿ ಶುರು ಮಾಡುತ್ತಿದ್ದವು. ನಮಗೆ ಇಪ್ಪತ್ತೈದು ನಿಮಿಷ ಬೇಕಾಗುತ್ತಿತ್ತು. ಕಾರಣ ಆವ್ರಾಮ್. ಹೋಟೆಲಿನ ಕೋಣೆಗಳಲ್ಲಿ ಒಬ್ಬ ಮುದುಕಿಯೂ ಸೇರಿ ಹದಿನಾಲ್ಕು ಜನ ಸಿಕ್ಕಿಕೊಂಡಿರುತ್ತಿದ್ದರು. ಅವರನ್ನು ಬಿಟ್ಟರೆ ನಷ್ಟವಿಲ್ಲ, ತಂದರೆ ಲಾಭವಿಲ್ಲ. ಆವ್ರಾಮ್ ಒಬ್ಬರನ್ನೂ ಬಿಡುತ್ತಿರಲಿಲ್ಲ.

ಮೂರನೆಯ ದಿನ ತ್ರಾಯನ್‌ನ ತಾಳ್ಮೆ ತಪ್ಪಿತು.

"ಅಣ್ಣಾ, ಅವು ಚಿತ್ರ ಕಣಣ್ಣಾ! ಬಣ್ಣ ಹಚ್ಚಿದ ಚಿತ್ರ! ಆಟ ಮುಗಿದ ಕೂಡ್ಲೆ ಎಲ್ಲರೂ ವಾಪಸ್ ಕೋಣೇಲಿ ಬಂದು ಕೂತಿರ್ತಾರೆ!"

"ಗೊತ್ತು."

"ಗೊತ್ತಿದ್ದೂ ಆ ಮುದುಕೀನ ಹೊತ್ಕೊಂಡು ಬರ್ತೀಯಲ್ಲ!"

"ಕೂಗ್ತಾ ಇದ್ದಾಳಲ್ಲೋ," ಎಂದ ಆವ್ರಾಮ್. "ಕೂಗೋದು ಕೇಳಿಸ್ತಾ ಇರುವಾಗ ಬಾಗಿಲು ದಾಟಿ ಹೋಗು ಅಂದ್ರೆ ನನ್ನ ಕೈಲಿ ಆಗಲ್ಲ. ನಿನ್ನ ಕೈಲಿ ಆದ್ರೆ ಹೋಗು."

ತ್ರಾಯನ್ ಎದ್ದು ಹೊರಗೆ ಹೋದ. ನಾನೂ ಹಿಂದೆಯೇ ಹೋದೆ. ಸಿಗರೇಟು ಹಚ್ಚದೆ ಕೈಯಲ್ಲೇ ತಿರುಗಿಸುತ್ತಾ ನಿಂತಿದ್ದ.

"ಇಪ್ಪತ್ತೆರಡು ವರ್ಷದಲ್ಲಿ ನಾವು ಒಂದೇ ಸಲ ಹಿಂದಕ್ಕೆ ಬಂದದ್ದು ಕ್ರೆಂಗುತ್ಸಾ," ಎಂದ. "ಅನಿಲ ಏರ್ತಾ ಇತ್ತು. ಮುಂದೆ ಹೋಗಿದ್ರೆ ನಾವೂ ಹೋಗಿಬಿಡ್ತಿದ್ವಿ. ಹಿಂದಕ್ಕೆ ಹೊರಡಿ ಅಂತ ಹೇಳಿದೋನು ಆವ್ರಾಮಣ್ಣನೇ, ಸರಿಯಾಗೇ ಹೇಳಿದ. ಒಳಗೆ ಸಿಕ್ಕಿಕೊಂಡಿದ್ದೋನು ಒಬ್ಬ, ಬದುಕಿದ್ದೀನಿ ಅಂತ ಕೊಳವೆ ಬಡೀತಾ ಇದ್ದ." ಸಿಗರೇಟನ್ನು ಜೇಬಿಗೆ ಹಾಕಿಕೊಂಡು, "ನಾನೊಬ್ಬ ಕತ್ತೆ. ನಡಿ ಒಳಗೆ," ಎಂದ.

ಒಳಗೆ ಬಂದವನೇ ಕುರ್ಚಿ ಎಳೆದುಕೊಂಡ. "ಸರಿ. ಹದಿನಾಲ್ಕೂ ಜನ ಬರ್ಲಿ. ಆದ್ರೆ ಇಪ್ಪತ್ತೈದು ನಿಮಿಷ ನಾಚಿಕೆಗೇಡು. ಗಣೀಲಿ ಹಿಂಗೆ ಮಾಡಿದ್ರೆ ನೀನೇ ಒದೀತಿದ್ದೆ."

ಆವ್ರಾಮ್ ಮೊದಲ ಬಾರಿಗೆ ನಕ್ಕ. "ಲಾಯೋಶ್, ನಕ್ಷೆ."

ಲಾಯೋಶ್ ಹಳೆಯ ದಿನಪತ್ರಿಕೆಯ ಅಂಚಿನಲ್ಲಿ ಆ ಹೋಟೆಲಿನ ಐದೂ ಮಹಡಿಗಳನ್ನು ಬರೆದ. ಜನ ಸಿಕ್ಕಿಕೊಳ್ಳುವ ಕೋಣೆ ಪ್ರತಿ ಸಲ ಬೇರೆ, ಆದರೆ ಮೆಟ್ಟಿಲು ಅದೇ, ಹೊಗೆ ನುಗ್ಗುವ ದಾರಿ ಅದೇ. ಕೆಲಸ ಹಂಚಿಕೊಂಡೆವು. ಆವ್ರಾಮ್ ಮೊದಲಿಗೆ ಹೊಡೆದಾಡುವುದೇ ಬೇಡ. ಕೆಂಡರಾಜನ ಬಾಗಿಲಿಗೆ ಕಲ್ಲಿನ ಮೈ ಅಡ್ಡ ಕೊಟ್ಟು ನಿಂತರೆ ಸಾಕು, ಅವನು ಹೊರಬರದಿದ್ದರೆ ಬೆಂಕಿ ಹರಡುವುದಿಲ್ಲ. ಕ್ಯಾನರಿ ಕಿಟಕಿಗಳಿಂದ, ಲಾಯೋಶ್ ಗೋಡೆಗಳಿಂದ ನುಗ್ಗಿ ಜನರನ್ನು ತರುವುದು. ನಾನು ಮೂರನೇ ಮಹಡಿಯ ಮೆಟ್ಟಿಲಲ್ಲಿ. ಹದಿನಾಲ್ಕೂ ಜನ ಹೊರಗಾದ ಮೇಲೆ ನಾಲ್ವರೂ ಸೇರಿ ದುಷ್ಟನ ಮೇಲೆ ಬೀಳುವುದು.

ಹದಿನೆಂಟು ನಿಮಿಷವಾಯಿತು. ಆಮೇಲೆ ಹದಿಮೂರು. ವಾರದ ಕೊನೆಗೆ ಒಂಬತ್ತು.

ಆದರೂ ಒಂಬತ್ತು ನಿಮಿಷಕ್ಕೆ ಎರಡು ಸಾವಿರ ಯಾವ ಮೂಲೆಗೂ ಸಾಲದು. ಆಗ ನಾನು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ: ಓದಲು ಕೂತೆ. ಆಟದ ನಿಯಮಗಳು, ಮಾರುಕಟ್ಟೆಯ ಪಟ್ಟಿ, ಯಾರೂ ಬಿಚ್ಚಿ ನೋಡದ ಸೂಚನೆಗಳು, ಎಲ್ಲವನ್ನೂ. ಹದಿನಾಲ್ಕೂ ಜನ ಸುಟ್ಟಗಾಯವಿಲ್ಲದೆ ಹೊರಬಂದಾಗ ಕೊನೆಯವರು ನಮ್ಮ ಕೈಗೆ ಒಂದು ನೀಲಿ ಪದಕ ಕೊಡುತ್ತಿದ್ದರು. ನಾವು ಅದನ್ನು ಶೋಭೆಯ ವಸ್ತು ಎಂದುಕೊಂಡು ಪೆಟ್ಟಿಗೆಗೆ ಎಸೆದಿದ್ದೆವು. ಅಂಥವು ಅರವತ್ತು ಬಿದ್ದಿದ್ದವು. ಹಾರುವ ಮೇಲಂಗಿಯನ್ನು ಕೊನೆಯ ದರ್ಜೆಗೆ ಏರಿಸಲು ನೀಲಿ ಪದಕ ಬೇಕೇ ಬೇಕೆಂದು ಒಂದು ಸೂಚನೆಯ ತಳದಲ್ಲಿ ಬರೆದಿತ್ತು. ಹೋಟೆಲಿನ ಜನರನ್ನು ಯಾರೂ ಕಾಪಾಡದೆ ಇದ್ದುದರಿಂದ ಮಾರುಕಟ್ಟೆಯಲ್ಲಿ ಪದಕವೇ ಇರಲಿಲ್ಲ. ಒಂದನ್ನು ಒಂಬತ್ತು ಸಾವಿರಕ್ಕೆ ಇಟ್ಟೆ. ಕನ್ನಡಕ ಒರೆಸಿಕೊಂಡು ನೋಡುವಷ್ಟರಲ್ಲಿ ಹೋಗಿತ್ತು.

"ಆವ್ರಾಮಣ್ಣ," ಎಂದೆ, "ನಿನ್ನ ಮುದುಕಿ ಒಂಬತ್ತು ಸಾವಿರ ತಂದ್ಲು."

ತ್ರಾಯನ್ ಎದ್ದುನಿಂತು ಪರದೆಗೆ ಟೋಪಿ ತೆಗೆದ. "ಕ್ಷಮಿಸಮ್ಮಾ ತಾಯಿ. ನಿನ್ನನ್ನ ಚಿತ್ರ ಅಂದಿದ್ದೆ."

ಅರವತ್ತನ್ನೂ ಒಟ್ಟಿಗೆ ಇಡಲು ಅವನು ಕುಣಿದ. ನಾನು ಬಿಡಲಿಲ್ಲ. ಎಲ್ಲರೂ ಕೇಳುವ ಪುಸ್ತಕದ ಒಂದೇ ಪ್ರತಿ ಕಪಾಟಿನಲ್ಲಿದ್ದರೆ ಅದಕ್ಕೆ ಸಾಲು ನಿಲ್ಲುತ್ತಾರೆ. ಇಪ್ಪತ್ತು ಪ್ರತಿ ಕಂಡರೆ ನಾಳೆ ಒಯ್ಯೋಣ ಎನ್ನುತ್ತಾರೆ. ಐದೈದೇ ಇಟ್ಟೆ. ಅದೂ ಸಂಜೆ ಆರಕ್ಕೆ, ಗ್ರಂಥಾಲಯ ಮುಚ್ಚುವ ಮೊದಲು, ದುಡಿಯುವವರು ಮನೆ ಸೇರಿ ಆಟ ತೆರೆಯುವ ಹೊತ್ತಿಗೆ.

ಆ ದಿನಗಳಲ್ಲಿ ನಮ್ಮನ್ನು ಬೈಯಲು ದಿನಾ ಬರುತ್ತಿದ್ದವಳು ಆವ್ರಾಮನ ಹೆಂಡತಿ ಸಾವೇತಾ. ನಾಲ್ಕು ಗಂಟೆಗೆ ಎಲೆಕೋಸು ತುಂಬಿದ ಬಿಸಿ ಪ್ಲಾಚಿಂತಾ ರೊಟ್ಟಿ ತಂದು ಮೇಜಿನ ಮೇಲೆ ಕುಕ್ಕಿ ನಿಲ್ಲುತ್ತಿದ್ದಳು.

"ಮೂರು ಜನ ಅಜ್ಜಂದಿರು, ಒಬ್ಬ ಓದಿದ ಹೆಂಗಸು! ಬೆಳಕಿನ ಡಬ್ಬಿ ಮುಂದೆ ಕೂತು ಏನು ಕಡಿದು ಕಟ್ಟೆ ಹಾಕ್ತಿದ್ದೀರಿ?"

"ಠಾಣೆ ಕೊಳ್ತಿದ್ದೀವಿ ಅತ್ತಿಗೆ," ಎಂದ ತ್ರಾಯನ್, ಬಾಯಿ ತುಂಬಿಕೊಂಡು.

"ಠಾಣೆಯಂತೆ! ಮನೇಲಿ ನಲ್ಲಿ ಸೋರ್ತಾ ಇದೆ, ಅದನ್ನ ಕಾಪಾಡಿ ಮೊದಲು."

ಬೈಯುತ್ತಿದ್ದವಳು ಬೇಗ ಹೋಗುತ್ತಿರಲಿಲ್ಲ. ಗಂಡನ ಬೆನ್ನ ಹಿಂದೆ ನಿಂತು, ಅವನ ಉಸಿರು ಹೇಗಿದೆ ಎಂದು ಆಲಿಸುತ್ತಾ, ಪರದೆಯನ್ನೂ ನೋಡುತ್ತಿದ್ದಳು.

ಎರಡನೆಯ ವಾರದ ಕೊನೆಗೆ ಗಿಡುಗಗಳಿಗೆ ನಮ್ಮ ಗುಟ್ಟು ತಿಳಿಯಿತು. ಅವರೂ ಜನರನ್ನು ಹೊರತರತೊಡಗಿದರು, ಅವರನ್ನು ನೋಡಿ ಬೇರೆಯವರೂ. ಪದಕದ ಬೆಲೆ ಏಳು ಸಾವಿರಕ್ಕೆ ಇಳಿಯಿತು, ಆಮೇಲೆ ಐದಕ್ಕೆ.

"ಮುಗೀತು ಕಥೆ," ಎಂದ ತ್ರಾಯನ್.

"ಬೆಲೆ ನಮ್ಮ ಕೈಲಿಲ್ಲ," ಎಂದ ಆವ್ರಾಮ್. "ಹೊತ್ತು ನಮ್ಮ ಕೈಲಿದೆ. ಯಾಕೋ ತ್ರಾಯನ್, ಒಬ್ಬೊಬ್ಬರನ್ನೇ ಬೀದಿ ತನಕ ಒಯ್ತೀಯಲ್ಲ, ಗಣೀಲಿ ಹಂಗೆ ಮಾಡ್ತಿದ್ವಾ? ಒಳ್ಳೆ ಗಾಳಿ ಇರೋ ಕಡೆ ಎಲ್ಲರನ್ನೂ ಮೊದಲು ಗುಡ್ಡೆ ಹಾಕ್ತಿದ್ವಿ. ಆಮೇಲೆ ಒಂದೇ ಸಲ ಹೊರಗೆ."

ಮೂರನೇ ಮಹಡಿಯ ಮೆಟ್ಟಿಲಲ್ಲಿ, ನಾನು ನಿಲ್ಲುವ ಜಾಗದಲ್ಲಿ, ಹೊಗೆ ಬರುತ್ತಿರಲಿಲ್ಲ. ಹದಿನಾಲ್ಕು ಜನರನ್ನೂ ಅಲ್ಲಿ ಸೇರಿಸಿದೆವು. ನಾನು ಅವರ ಮುಂದೆ ನಡೆದೆ, ಬಾತುಮರಿಗಳಂತೆ ಸಾಲಾಗಿ ಹಿಂದೆ ಬಂದರು. ಲಾಯೋಶ್ ಗಡಿಯಾರ ನೋಡಿ ಹೇಳಿದ: "ಆರು."

ಹದಿನಾಲ್ಕೂ ಜನರನ್ನು ತಂದು ಬೇರೆ ಯಾವ ತಂಡವೂ ಅಷ್ಟು ಬೇಗ ಮುಗಿಸುತ್ತಿರಲಿಲ್ಲ. ಕೊನೆಯ ವಾರ ನಾವು ಎರಡು ಗಂಟೆಯ ಬದಲು ಹನ್ನೊಂದಕ್ಕೇ ಕೂತೆವು. ಪುಸ್ತಕ ಕೇಳಲು ಬಂದವರಿಗೆ ನಾನು ಒಂದು ಕಣ್ಣು ಪರದೆಯ ಮೇಲಿಟ್ಟೇ ಮುದ್ರೆ ಒತ್ತಿ ಕೊಟ್ಟೆ. ಆವ್ರಾಮನ ತುಟಿ ಮಧ್ಯಾಹ್ನದ ಹೊತ್ತಿಗೆ ನೀಲಿಗಟ್ಟುತ್ತಿತ್ತು. ಸಾಕು ಎಂದರೆ, "ಇನ್ನೊಂದು," ಎನ್ನುತ್ತಿದ್ದ. ಶುಕ್ರವಾರ ಸಂಜೆ ನಮಗೆ ಇನ್ನು ಬೇಕಾಗಿದ್ದದ್ದು ಒಂದು ಲಕ್ಷ ನಲವತ್ತು ಸಾವಿರ. ಎಂದರೆ ಇಪ್ಪತ್ತು ಸಲ ಹೋಟೆಲು. ಶನಿವಾರ ಒಂಬತ್ತಕ್ಕೆ ಬಾಗಿಲು ತೆಗೆದರೆ ಹನ್ನೆರಡರೊಳಗೆ ಮುಗಿಯುತ್ತದೆ.

ಶನಿವಾರ ಒಂಬತ್ತಕ್ಕೆ ಇಬ್ಬರೇ ಬಂದರು. ಒಂಬತ್ತೂ ಕಾಲಿಗೆ ಸಾವೇತಾ ಒಬ್ಬಳೇ ಬಂದಳು, ತಲೆವಸ್ತ್ರ ಸರಿಯಾಗಿ ಕಟ್ಟಿರಲಿಲ್ಲ.

"ಬೆಳಿಗ್ಗೆ ಅವನಿಗೆ ಉಸಿರು ಹಿಡ್ಕೊಂತು. ಪೆತ್ರೊಶಾನಿ ಆಸ್ಪತ್ರೆಗೆ ಸೇರಿಸಿದ್ವಿ, ಮಗಳು ಹತ್ತಿರ ಇದ್ದಾಳೆ. ಗಾಳಿ ಕೊಡ್ತಾ ಇದ್ದಾರೆ, ಪರವಾಗಿಲ್ಲ ಅಂದ್ರು ಡಾಕ್ಟರು." ತಲೆವಸ್ತ್ರ ಬಿಗಿದುಕೊಂಡಳು. "ಮೂಗಿಗೆ ಮುಖವಾಡ ಹಾಕಿದ್ರೂ ಕೈಸನ್ನೆ ಮಾಡ್ತಾನೆ. ಹೋಗು, ಹೋಗು ಅಂತ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಅಂದ್ರೆ, ನಾಲ್ಕು ಬೆರಳು ತೋರಿಸ್ತಾನೆ."

ನಾಲ್ವರಿಲ್ಲದೆ ಹೋಟೆಲಿನ ಬಾಗಿಲೇ ತೆರೆಯುವುದಿಲ್ಲ. ಸಾವೇತಾ ಕೋಟು ಬಿಚ್ಚಿ ಗಂಡನ ಕುರ್ಚಿಯ ಬೆನ್ನಿಗೆ ಹಾಕಿ ಕೂತಳು.

"ಅತ್ತಿಗೆ, ನಿಮಗೆ ಬರಲ್ಲ..." ಎಂದ ತ್ರಾಯನ್.

"ಬಾಗಿಲ ಮುಂದೆ ನಿಂತ್ಕೊಳ್ಳೋದು ತಾನೇ? ಮೂವತ್ತು ವರ್ಷ ಗಣಿ ಬಾಗಿಲ ಮುಂದೆ ಕಾಯ್ತಾ ನಿಂತಿದ್ದೀನಿ ಕಣೋ. ಯಾವ ಗುಂಡಿ ಒತ್ತಬೇಕು, ಅದನ್ನ ಹೇಳು."

ಮೊದಲ ಸಲ ಕೆಂಡರಾಜ ಅವಳ ಪಕ್ಕದಿಂದ ನುಸುಳಿಕೊಂಡ. ಮೂರು ಜನರಿಗೆ ಸುಟ್ಟಗಾಯವಾಯಿತು, ಪದಕ ಹೋಯಿತು. ಎರಡನೆಯ ಸಲವೂ ಹಾಗೇ. "ಹೊಲಸು ನನ್ಮಗನೇ," ಎಂದು ಅವಳು ಪರದೆಗೆ ಬೈದಳು. ಮೂರನೆಯ ಸಲ ಅವನು ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ ಸರಿದಳು. ಹನ್ನೆರಡು ನಿಮಿಷವಾಯಿತು, ಆದರೆ ಹದಿನಾಲ್ಕೂ ಜನ ಬಂದರು. ಹತ್ತೂವರೆಗೆ ನಾವು ಏಳು ನಿಮಿಷಕ್ಕೆ ಇಳಿದೆವು. ಕಲ್ಲಿನ ವೀರ ಅವಳ ಕೈಯಲ್ಲಿ ಆವ್ರಾಮನಿಗಿಂತ ಗಟ್ಟಿಯಾಗಿ ನಿಂತ. ತ್ರಾಯನ್ ಒಂದೂ ತಮಾಷೆ ಮಾಡಲಿಲ್ಲ.

ಹನ್ನೊಂದೂ ನಲವತ್ತೈದಕ್ಕೆ ಲೆಕ್ಕ ನೋಡಿದೆ. ಐವತ್ತು ಸಾವಿರ ಕಡಿಮೆ ಇತ್ತು. ಎಲ್ಲ ಪದಕಗಳನ್ನೂ ಬೆಲೆ ಇಳಿಸಿ ಇಟ್ಟೆ. ಅರ್ಧ ಹೋದವು, ಅರ್ಧ ಉಳಿದವು. ಇನ್ನೂ ಇಪ್ಪತ್ತೆಂಟು ಸಾವಿರ. ಅಷ್ಟು ಹೊತ್ತಿನಲ್ಲಿ ಎರಡು ಹೋಟೆಲು ಮುಗಿದರೂ ಸಾಲದು.

ಆಗ ಮೊತ್ತ ತಾನಾಗಿ ಮೂವತ್ತು ಸಾವಿರ ಏರಿತು. ಲಾಯೋಶನ ಕಡೆ ನೋಡಿದೆ. ಅವನ ವೀರ ಬೆಳ್ಳಿಯ ಕವಚವಿಲ್ಲದೆ ಬರಿಯ ಅಂಗಿಯಲ್ಲಿ ನಿಂತಿದ್ದ. ಒಂದು ವರ್ಷ ಆಡಿ ಸಂಪಾದಿಸಿದ ಕವಚವನ್ನು ಸಿಕ್ಕ ಬೆಲೆಗೆ ಮಾರಿಬಿಟ್ಟಿದ್ದ.

"ಕೊಳ್ಳು," ಎಂದ ಲಾಯೋಶ್.

ಹನ್ನೊಂದೂ ಐವತ್ತೆರಡಕ್ಕೆ ಕೊಂಡೆ. ಬಂದರಿನ ಕೆಂಪು ಬಾಗಿಲುಗಳು ತೆರೆದುಕೊಂಡವು. ಒಳಗೆ ಏನೂ ಇರಲಿಲ್ಲ, ಬರಿಯ ನೆಲ ಮತ್ತು ಗೋಡೆ. ಗಿಡುಗಗಳಿಂದ ಸಂದೇಶ ಬಂತು: "ಆರು ನಿಮಿಷ ಹೆಂಗೆ ಮಾಡಿದ್ರಿ ತಾತಾ? ನಮಗೂ ಕಲಿಸ್ತೀರಾ?" ತ್ರಾಯನ್ ಉತ್ತರ ಬರೆದ: "ತಾತ ಆಸ್ಪತ್ರೇಲಿ. ಅಜ್ಜಿ ಕಲಿಸ್ತಾಳೆ. ಬೈತಾಳೆ, ತಡ್ಕೋಬೇಕು."

ಸಾವೇತಾ ಠಾಣೆಯ ಒಳಗೆಲ್ಲ ನಡೆದು ನೋಡಿ, "ಒಲೆ ಎಲ್ಲಿ ಇಡೋದು ಇಲ್ಲಿ?" ಎಂದು ಕೇಳಿದಳು. ಆಮೇಲೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತಳು, ತಡೆಯಲಾರದೆ, ಬೆಳಿಗ್ಗೆಯಿಂದ ಹಿಡಿದಿಟ್ಟದ್ದೆಲ್ಲವನ್ನೂ. ಲಾಯೋಶ್ ಅವಳ ಕೋಟು ತಂದು ಹೆಗಲಿಗೆ ಹೊದಿಸಿದ.

ಮಧ್ಯಾಹ್ನ ನಾವು ನಾಲ್ವರೂ ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆವು. ಆವ್ರಾಮ್ ದಿಂಬಿಗೆ ಒರಗಿ ಕೂತಿದ್ದ, ಮುಖವಾಡ ತೆಗೆದಿದ್ದರು. ನನ್ನ ಫೋನಿನಲ್ಲಿ ಠಾಣೆಯ ಚಿತ್ರ ತೋರಿಸಿದೆ. ಕೆಂಪು ಬಾಗಿಲನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದ.

"ಬಾಗಿಲಲ್ಲಿ ಯಾರು ನಿಂತಿದ್ರು?" ಎಂದು ಕೇಳಿದ.

"ನಾನು," ಎಂದಳು ಸಾವೇತಾ. "ಎರಡು ಸಲ ತಪ್ಪಿಸ್ಕೊಂಡ, ಆಮೇಲೆ ಬಿಡ್ಲಿಲ್ಲ."

ಆವ್ರಾಮ್ ಅವಳ ಕೈ ಹಿಡಿದುಕೊಂಡ. ಹನ್ನೆರಡು ದಿನಗಳ ನಂತರ ಅವನು ಗ್ರಂಥಾಲಯಕ್ಕೆ ಬಂದಾಗ ಅವನ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು, ಏಳಲು ಒಪ್ಪಲಿಲ್ಲ. ಮುಂದಿನ ಸೋಮವಾರವೇ ನಾನು ಐದನೆಯ ಕಂಪ್ಯೂಟರ್ ಕೇಳಿ ಪುರಸಭೆಗೆ ಅರ್ಜಿ ಬರೆದೆ.