ಅಂಗಿಯಿಲ್ಲದ ಹಿಡಿತ

ಅಂಗಿ ಅವಳ ಕೈಯಲ್ಲೇ ಉಳಿಯಿತು. ಅಂಗಿಯೊಳಗಿದ್ದ ಮಗ ಓಡಿಬಿಟ್ಟಿದ್ದ. ಕಿತ್ತುಬಂದ ಗುಂಡಿಗಳು ಕಲ್ಲುಹಾಸಿನ ಮೇಲೆ ಇನ್ನೂ ಉರುಳುತ್ತಿದ್ದವು. ಎದುರಿನ ಸಿಮೆಂಟು ಗೋದಾಮಿನ ಮುಂದೆ ಲಾರಿಯೊಂದು ಪೀಂ ಪೀಂ ಎಂದು ಕೂಗುತ್ತಾ ಹಿಂದಕ್ಕೆ ಬರುತ್ತಿತ್ತು. ಆ ಸದ್ದು ಕಿವಿಗೆ ಬಿದ್ದರೆ ಪುಟ್ಟನಿಗೆ ಲೋಕದಲ್ಲಿ ಬೇರೇನೂ ಇರುತ್ತಿರಲಿಲ್ಲ. ಹಿಂದಕ್ಕೆ ಬರುವ ಲಾರಿಯ ಬೆನ್ನಿಗೆ ಎರಡೂ ಅಂಗೈ ಒತ್ತಿ ನಿಲ್ಲಬೇಕು, ಅಷ್ಟೇ ಅವನ ಆಸೆ. ಯಾಕಪ್ಪಾ ಎಂದು ಕೇಳಿದರೆ ಹೇಳಲು ಅವನಿಗೆ ಮಾತು ಬಂದಿರಲಿಲ್ಲ.

ಡ್ರೈವರು ಕನ್ನಡಿಯಲ್ಲಿ ಕಂಡನೋ ಏನೋ, ಬ್ರೇಕು ಹಾಕಿದ. ಅವಳು ಓಡಿಹೋಗಿ ನೋಡಿದರೆ ಲಾರಿಗೂ ಮಗನ ಎದೆಗೂ ನಡುವೆ ಅವನ ಅಂಗೈಗಳು ಮಾತ್ರ ಇದ್ದವು. ಅವನು ಕಣ್ಣು ಮುಚ್ಚಿ ನಗುತ್ತಿದ್ದ.

"ಏನಮ್ಮಾ ಇದು, ಇಷ್ಟು ಎತ್ತರದ ಗಂಡಸನ್ನ ಹೀಗೆ ಬೀದಿಗೆ ಬಿಟ್ಟಿದ್ದೀಯ? ಕುಡಿದಿದ್ದಾನಾ?" ಎಂದ ಡ್ರೈವರು ಇಳಿದು ಬಂದು.

"ಇಲ್ಲಪ್ಪಾ, ಅವನಿನ್ನೂ ಹುಡುಗ" ಎಂದಳು.

ಹುಟ್ಟಿದಾಗ ಇಟ್ಟ ಹೆಸರು ಶಾಲೆಯ ಹಾಜರಿಯಲ್ಲೇ ಉಳಿದು, ಮನೆಯಲ್ಲಿ ಅವನು ಪುಟ್ಟನೇ ಆಗಿದ್ದ. ಹದಿನಾರು ತುಂಬುವ ಹೊತ್ತಿಗೆ ಪುಟ್ಟ ಅಪ್ಪನಿಗಿಂತ ಒಂದು ತಲೆ ಎತ್ತರ, ಅಮ್ಮನ ಎರಡರಷ್ಟು ತೂಕ. ಆಟಿಸಂ ಎಂದು ಡಾಕ್ಟರು ಹೇಳಿ ಬಹಳ ಕಾಲವಾಗಿತ್ತು. ಯಾರೂ ಅವನನ್ನು ಮುಟ್ಟುವ ಹಾಗಿರಲಿಲ್ಲ. ಕುತ್ತಿಗೆಗೆ ಬಟ್ಟೆ ತಾಗಿದರೆ ಮೈಗೆ ಬೆಂಕಿ ಬಿದ್ದವನಂತೆ ಆಡುತ್ತಿದ್ದ. ಮನಸ್ಸು ಕೆಟ್ಟರೆ ಮೊದಲು ಹೋಗುತ್ತಿದ್ದದ್ದೇ ಅಂಗಿ.

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕತ್ತಲ ಬಾವಿಯಂಥ ಜಾಗದಲ್ಲಿ ಹಗ್ಗ, ಗ್ರೀಸು, ಗಾಲಿ ಎಂದು ಬಡಿದಾಡಿ ಬಂದು, ಸಂಜೆ ಚಹಾದ ಲೋಟ ಹಿಡಿದೇ ಎಲ್ಲ ಕೇಳಿಸಿಕೊಂಡ. ಚಹಾ ಆರಿತು, ಕುಡಿಯಲಿಲ್ಲ.

"ಈ ಸಲ ಅಂಗಿಯಾದ್ರೂ ಕೈಗೆ ಬಂತು. ಮುಂದಿನ ಸಲ ಏನು ಬರುತ್ತೋ" ಎಂದ.

"ರೀ, ಹಾಗನ್ಬೇಡಿ."

"ಅನ್ನದೇ ಏನು ಮಾಡ್ಲಿ? ನಾಲ್ಕನೇ ಮಹಡೀಲಿ ತಂತಿ ಹಿಡ್ಕೊಂಡು ನೇತಾಡ್ತಿದ್ರೂ ನನ್ನ ಕಿವಿ ಬೀದಿ ಮೇಲೇ ಇರುತ್ತೆ. ಲಾರಿ ಕೂಗಿದ್ರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಬಗ್ಗಿ ನೋಡ್ತೀನಿ."

ಇಂಥ ಮಕ್ಕಳನ್ನು ಇಟ್ಟುಕೊಂಡು ನೋಡಿಕೊಳ್ಳುವ ವಸತಿ ಕೇಂದ್ರದ ಮಾತು ಮತ್ತೆ ಬಂತು. ಹೋಗಿ ನೋಡಿ ಬಂದಿದ್ದರು. ಗೋಡೆ ಎತ್ತರ, ನೆಲ ಚೊಕ್ಕಟ, ಮಾತಾಡಿಸಿದವರೂ ಒಳ್ಳೆಯವರೇ. ಆದರೆ ಪ್ರತಿ ಮಂಚದ ಪಕ್ಕದಲ್ಲೂ ಅಗಲವಾದ ಒಂದೊಂದು ಬೆಲ್ಟು ಜೋತುಬಿದ್ದಿತ್ತು. "ಅದು ಯಾವಾಗಲೋ ಒಮ್ಮೆ" ಎಂದಿದ್ದಳು ಅಲ್ಲಿಯ ದಾದಿ. ಬೆಲ್ಟಿನ ತೂತುಗಳು ಹಿಗ್ಗಿ ಸವೆದದ್ದನ್ನು ಪುಟ್ಟನ ಅಮ್ಮ ಕಂಡಿದ್ದಳು. ಬಟ್ಟೆ ಹೊಲಿದು ಬದುಕುವವಳ ಕಣ್ಣಿಗೆ ಅಂಥದ್ದು ತಪ್ಪುವುದಿಲ್ಲ.

"ಶಾಲೆಗೆ ರಜೆ ಇರೋವರೆಗೂ ಬಿಡಿ. ಅವನನ್ನ ಹಿಡಿಯೋದು ಹೇಗೆ ಅಂತ ಕಲ್ತುಕೊಳ್ತೀನಿ. ಆಗಲಿಲ್ಲ ಅಂದ್ರೆ ನಾನೇ ಅವನ ಬಟ್ಟೆ ಕಟ್ಟಿಕೊಡ್ತೀನಿ."

ಗಂಡ ಅವಳ ಸಣ್ಣ ಕೈಗಳನ್ನು ನೋಡಿದ. ನಗಬೇಕೆನಿಸಿದರೂ ನಗಲಿಲ್ಲ.

ಕಲಿಯುವ ಜಾಗ ಅವಳ ಮನಸ್ಸಿನಲ್ಲಿತ್ತು. ಅವಳು ಕೆಲಸ ಮಾಡುತ್ತಿದ್ದ ಹೊಲಿಗೆ ಕಾರ್ಖಾನೆಯಲ್ಲಿ ಶಾಲೆಯ ಸಮವಸ್ತ್ರಗಳ ಜೊತೆಗೆ ಜೂಡೋ ಜಾಕೆಟ್ಟುಗಳೂ ತಯಾರಾಗುತ್ತಿದ್ದವು. ಅಕ್ಕಿ ಚೆಲ್ಲಿದಂಥ ನೇಯ್ಗೆಯ ದಪ್ಪ ಬಿಳಿ ಬಟ್ಟೆ. ಅದರ ಕೊರಳಪಟ್ಟಿ ಅವಳ ಪಾಲಿನ ಕೆಲಸ. ಒಳಗೊಂದು ಗಟ್ಟಿ ಪಟ್ಟಿಯಿಟ್ಟು, ಮಡಿಸಿ, ಉದ್ದಕ್ಕೂ ಸಾಲು ಸಾಲು ಹೊಲಿಗೆ ಹಾಕಬೇಕು. ಇಬ್ಬರು ಗಟ್ಟಿಗರು ಎಳೆದಾಡಿದರೂ ಜಗ್ಗಬಾರದು. ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ಅವಳು ಕಾಲರಕ್ಕ. ಮಗ ಕಾಲರು ಕಂಡರೆ ಕಿತ್ತೆಸೆಯುತ್ತಾನೆ, ಅಮ್ಮ ಅದನ್ನೇ ಹೊಲಿದು ಅನ್ನ ಹಾಕುತ್ತಾಳೆ ಎಂದು ಪಕ್ಕದ ಮಿಷನ್ನಿನವಳು ತಮಾಷೆ ಮಾಡುತ್ತಿದ್ದಳು. ಕಾಲರಕ್ಕನೂ ನಗುತ್ತಿದ್ದಳು. ಒಮ್ಮೆ ಆ ಬಟ್ಟೆಯಲ್ಲೇ ಮಗನಿಗೊಂದು ಅಂಗಿ ಹೊಲಿದಿದ್ದಳು, ಹಿಡಿದರೆ ಹರಿಯದಿರಲಿ ಎಂದು. ಅವನು ಅದರ ಕೊರಳನ್ನು ಕಚ್ಚಿ, ಒಸಡಿನಲ್ಲಿ ರಕ್ತ ಬರುವವರೆಗೆ ಅತ್ತಿದ್ದ. ಆಮೇಲೆ ಆ ಅಂಗಿಯನ್ನು ಅವಳು ಕತ್ತರಿಸಿ ಒರೆಸುವ ಬಟ್ಟೆ ಮಾಡಿಬಿಟ್ಟಳು.

ಜಾಕೆಟ್ಟು ಕೊಳ್ಳಲು ಬರುತ್ತಿದ್ದ ಜೂಡೋ ಮೇಷ್ಟ್ರನ್ನು ಬಾಗಿಲಲ್ಲೇ ತಡೆದು ಕೇಳಿದಳು. ಅವರಿಗೆ ವಯಸ್ಸಾಗಿತ್ತು, ಒಂದು ಕಿವಿ ಬಾತು ಹೂಕೋಸಿನಂತೆ ಮುದುಡಿತ್ತು.

"ಕಲಿಸೋಣ, ಅದಕ್ಕೇನಂತೆ. ಒಂದು ಜಾಕೆಟ್ ಹಾಕ್ಕೊಂಡು ಬಾಮ್ಮಾ. ನೀನೇ ಹೊಲಿದದ್ದು ಇದ್ದೇ ಇದೆಯಲ್ಲ."

"ನಾನು ಹಾಕ್ಕೊಂಡು ಏನು ಮಾಡ್ಲಿ ಮೇಷ್ಟ್ರೇ, ನನ್ನ ಮಗ ಹಾಕ್ಕೊಳ್ಳಲ್ಲ. ಬಟ್ಟೆ ಇಲ್ಲದ ಮೈನ ಹಿಡಿಯೋದು ಕಲಿಸಿ" ಎಂದು ಎಲ್ಲವನ್ನೂ ಹೇಳಿದಳು.

ಮೇಷ್ಟ್ರು ಬಾತ ಕಿವಿ ತುರಿಸಿಕೊಂಡರು. "ಬಟ್ಟೆ ಇದ್ರೆ ಮಾರು ದೂರ ನಿಂತು ಹಿಡೀಬಹುದು. ಇಲ್ಲದೇ ಇದ್ರೆ ಮೈಗೆ ಮೈ ಹತ್ತಬೇಕಾಗುತ್ತೆ. ಅವನು ಮುಟ್ಟಿಸ್ಕೊಳ್ಳಲ್ಲ ಅಂತೀಯಲ್ಲಮ್ಮಾ?"

"ಲಾರಿ ಮುಟ್ಟೋದಕ್ಕಿಂತ ನಾನು ಮುಟ್ಟೋದು ವಾಸಿ ಅಲ್ವಾ?"

"ನಾಳೆ ಸಂಜೆ ಬಾಮ್ಮಾ" ಎಂದರು ಮೇಷ್ಟ್ರು.

ಮೇಷ್ಟ್ರು ಜೂಡೋ ಕಲಿಸುತ್ತಿದ್ದ ತಗಡಿನ ಚಾವಣಿಯ ಹಳೇ ಕೋಣೆಯಲ್ಲಿ ಬೆವರಿನ ವಾಸನೆ, ನೆಲದ ತುಂಬ ಹಸಿರು ಮ್ಯಾಟು. ಅವಳು ಗಂಡನ ಹಳೇ ಪ್ಯಾಂಟಿನ ಅಂಚು ಮಡಿಸಿ ಹೊಲಿದು ಹಾಕಿಕೊಂಡು ಹೋದಳು. ಜೊತೆಗೆ ನಿಂತವಳು ಆಸ್ಪತ್ರೆಯ ನರ್ಸು, ದುಂಡಗಿನ ಗಟ್ಟಿ ಹೆಂಗಸು. ಎಲ್ಲರಿಗೂ ಮೊದಲು ಕಲಿಸುವುದು ಬೀಳುವುದನ್ನು. ಗದ್ದ ಎದೆಗೊತ್ತಿ, ಬೆನ್ನು ಗುಂಡಗೆ ಮಾಡಿ, ಅಂಗೈಯಿಂದ ನೆಲಕ್ಕೆ ಪಟ್ಟೆಂದು ಬಡಿಯಬೇಕು.

"ಬೀಳೋದೆಲ್ಲ ನನಗ್ಯಾಕೆ ಮೇಷ್ಟ್ರೇ? ಹುಟ್ಟಿದಾಗಿಂದ ಬೀಳ್ತಾನೇ ಇದ್ದೀನಿ. ರಜೆ ಮುಗಿಯೋದ್ರೊಳಗೆ ಹಿಡಿಯೋದು ಕಲಿಸಿ ಸಾಕು."

ಅವರು ಒಲ್ಲದ ಮನಸ್ಸಿನಿಂದಲೇ ಒಪ್ಪಿದರು. ನರ್ಸಮ್ಮ ನಕ್ಕಳು: "ಬಿಡಿ ಮೇಷ್ಟ್ರೇ, ಬೀಳೋ ಕೆಲಸ ನಾನು ನೋಡ್ಕೋತೀನಿ. ದಿನಾ ಡಾಕ್ಟರ್ ಕಾಲಿಗೆ ಬೀಳ್ತೀನಿ, ಇದೇನು ಮಹಾ."

ಮೊದಮೊದಲು ಅವಳ ಕೈ ತಾನಾಗಿಯೇ ಕೊರಳಪಟ್ಟಿ ಇರಬೇಕಾದ ಜಾಗಕ್ಕೆ ಹೋಗಿ ಗಾಳಿಯನ್ನು ಹಿಡಿಯುತ್ತಿತ್ತು. ಮೇಷ್ಟ್ರು ಅದನ್ನು ಬಿಡಿಸಿ ಹೊಸ ಜಾಗ ತೋರಿಸಿದರು. ಒಂದು ಕೈ ಕತ್ತಿನ ಹಿಂದೆ ಬಟ್ಟಲಿನಂತೆ. ಇನ್ನೊಂದು ಮೊಣಕೈಯ ಮೇಲ್ಗಡೆ, ಮಾಂಸ ಸಣ್ಣಗಾಗುವಲ್ಲಿ. ಅಲ್ಲಿಂದ ಒಳಕ್ಕೆ ಹೊಕ್ಕು ಸೊಂಟವನ್ನು ಎದುರಿನವರ ಸೊಂಟದ ಕೆಳಗಿಟ್ಟು ತಿರುಗಬೇಕು. "ಓಡೋ ಮನುಷ್ಯನನ್ನ ನಿಲ್ಲಿಸೋಕಾಗಲ್ಲ. ಓಡ್ತಿರೋ ಕಡೆಗೇ ಇನ್ನೊಂಚೂರು ಕಳಿಸಬೇಕು, ಅಷ್ಟೇ" ಎನ್ನುತ್ತಿದ್ದರು. ಒಂದು ಸಂಜೆ ನರ್ಸಮ್ಮ ಅವಳ ಬೆನ್ನಿನ ಮೇಲಿಂದ ಮೂಟೆಯಂತೆ ಉರುಳಿ ಮ್ಯಾಟಿನ ಮೇಲೆ ಪಟ್ಟೆಂದು ಬಡಿದು ಎದ್ದು ಕೂತಳು. ಆ ಪಟ್ ಎಂಬ ಸದ್ದು ಕೇಳಿ ಅವಳಿಗೆ ಎಷ್ಟೋ ಕಾಲದ ಮೇಲೆ ಎದೆ ಹಗುರಾಯಿತು. ಮಾರನೆಯ ದಿನವೂ ಅದೇ ಸದ್ದು, ಅದರ ಮಾರನೆಯ ದಿನವೂ. ಆ ಸದ್ದಾದರೆ ಎಲ್ಲ ಸರಿಹೋಯಿತು ಎಂದು ಅವಳ ಮೈ ಕಲಿತುಬಿಟ್ಟಿತು.

ರಜೆ ಮುಗಿಯುತ್ತಾ ಬಂದಾಗ, ರೊಟ್ಟಿ ಅಂಗಡಿಯ ಮುಂದೆ, ಮತ್ತೆ ಲಾರಿ ಕೂಗಿತು. ಪುಟ್ಟ ಅಂಗಿ ಕಿತ್ತೆಸೆದು ಹೊರಟ. ಈ ಸಲ ಅವಳು ಅಂಗಿಯ ಕಡೆ ನೋಡಲೇ ಇಲ್ಲ. ಎರಡು ಹೆಜ್ಜೆಗೆ ಅವನ ಮುಂದೆ ಬಂದಳು. ಕತ್ತು, ಮೊಣಕೈ, ಸೊಂಟ. ಅಷ್ಟು ದೊಡ್ಡ ಮೈ ಹಗುರಾಗಿ ಗಾಳಿಯಲ್ಲಿ ತಿರುಗಿತು. ಮ್ಯಾಟಿನ ಮೇಲೂ ಅಷ್ಟು ಚೆನ್ನಾಗಿ ಅವಳಿಗೆ ಎಂದೂ ಬಂದಿರಲಿಲ್ಲ.

ಆಮೇಲೆ ಅವಳು ಆ ಸದ್ದಿಗಾಗಿ ಕಾದಳು.

ಅಂಗೈ ನೆಲಕ್ಕೆ ಬಡಿಯಲಿಲ್ಲ. ಪುಟ್ಟ ಕೈಯನ್ನು ಕೋಲಿನಂತೆ ನೆಟ್ಟಗೆ ಚಾಚಿದ್ದ; ಇಡೀ ಮೈಯ ಭಾರ ಅದರ ಮೇಲೆ ಬಿತ್ತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಅವನು ಅಳಲಿಲ್ಲ. ಮಣಿಕಟ್ಟನ್ನೇ ನೋಡುತ್ತಾ ಬಾಯಿ ತೆರೆದು ಕೂತ, ಯಾರೋ ತನ್ನ ಕೈ ತೆಗೆದು ಬೇರೆಯವರದ್ದನ್ನು ಜೋಡಿಸಿದ್ದಾರೇನೋ ಎಂಬಂತೆ. ನಂತರ ತಲೆಯೆತ್ತಿ ಅವಳನ್ನು ನೋಡಿದ. ಕಣ್ಣಿಗೆ ಕಣ್ಣು ಕೊಡದ ಹುಡುಗ ಆಗ ಮಾತ್ರ ಕೊಟ್ಟ.

ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿದರು. ಅವನು ಕಿತ್ತೆಸೆಯಲಾಗದ ಮೊದಲ ಉಡುಪು ಅದೇ. ದಿನವಿಡೀ ಅದನ್ನು ಗೋಡೆಗೆ ಬಡಿಯುತ್ತಿದ್ದ, ಅಂಚನ್ನು ಹಲ್ಲಿನಿಂದ ಕೆರೆಯುತ್ತಿದ್ದ. ಅವಳು ಕೋಣೆಗೆ ಕಾಲಿಟ್ಟರೆ ಮೂಲೆಗೆ ಸರಿಯುತ್ತಿದ್ದ. ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಬರಬೇಕಾಗಿತ್ತು.

ಗಂಡ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೂಟಿನ ದಾರ ಬಿಚ್ಚುತ್ತಾ ತಲೆಯೆತ್ತದೆ, "ಆ ಲಾರಿಯವನಾದ್ರೂ ಬ್ರೇಕ್ ಹಾಕಿದ್ದ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಪ್ಲಾಸ್ಟರ್ ತೆಗೆದ ಮೇಲೆ ಕರ್ಕೊಂಡು ಬನ್ನಿ ಅಂದಿದ್ದಾರೆ ಕೇಂದ್ರದವರು. ಫೋನ್ ಮಾಡಿದ್ದೆ" ಎಂದ.

ಅವಳು ಹೂಂ ಎಂದಳು. ಬಟ್ಟೆ ಕಟ್ಟಿಕೊಡುತ್ತೇನೆ ಎಂದವಳು ತಾನೇ ಅಲ್ಲವೇ.

ಮೇಷ್ಟ್ರ ಬಳಿಗೆ ಹೋದದ್ದು ಇನ್ನು ಬರುವುದಿಲ್ಲ ಎಂದು ಹೇಳಲು. ಅವರು ಕೇಳಿ ಮ್ಯಾಟಿನ ಅಂಚಿನಲ್ಲಿ ಕೂತರು.

"ಇಲ್ಲಿ ಯಾರನ್ನ ಎತ್ತಿ ಹಾಕಿದ್ರೂ ಬೀಳೋಕೆ ಬರುತ್ತೆ. ಅವರಿಗೆ ಬರೋದ್ರಿಂದಲೇ ನಮಗೆ ಎತ್ತಿಹಾಕೋಕೆ ಬಂದಂಗೆ ಕಾಣೋದು. ಅವನಿಗೆ ಯಾರು ಕಲಿಸಿದ್ರು? ನಾನು ಇದನ್ನ ಮೊದಲನೇ ದಿನಾನೇ ಹೇಳ್ಬೇಕಿತ್ತು."

"ಮೊದಲನೇ ದಿನ ನೀವು ಹೇಳಿದ್ರಿ ಮೇಷ್ಟ್ರೇ. ನಾನೇ ಬೇಡ ಅಂದೆ."

ನರ್ಸಮ್ಮ ಹತ್ತಿರ ಬಂದು ಕೂತಳು. ಈ ಸಲ ತಮಾಷೆ ಮಾಡಲಿಲ್ಲ. "ಅವನಿಗೆ ಬೀಳೋದು ಕಲಿಸೋಕಾಗುತ್ತಾ ಅಕ್ಕಾ?"

"ನಾನು ಕೋಣೆಗೆ ಹೋದ್ರೆ ಗೋಡೆಗೆ ಅಂಟ್ಕೋತಾನೆ. ಇನ್ನೇನು ಕಲಿಸ್ಲಿ."

"ಹಾಗಾದ್ರೆ ಅವನ ಪಾಲಿನದೂ ನೀನೇ ಬೀಳ್ಬೇಕು" ಎಂದರು ಮೇಷ್ಟ್ರು.

ಅವಳಿಗೆ ಅರ್ಥವಾಗಲಿಲ್ಲ. ಅವರು ಎದ್ದು ನರ್ಸಮ್ಮನನ್ನು ಓಡಿಬರಲು ಹೇಳಿ, ಪಕ್ಕದಿಂದ ಎರಡೂ ಕಂಕುಳ ಕೆಳಗೆ ಕೈ ತೂರಿಸಿ ಬೆನ್ನ ಹಿಂದೆ ಬೀಗದಂತೆ ಕೂಡಿಸಿ, ತಾವೇ ಮೊದಲು ನೆಲಕ್ಕೆ ಕುಸಿದರು. ನರ್ಸಮ್ಮ ಅವರ ಎದೆಯ ಮೇಲೆ, ಹಾಸಿಗೆಯ ಮೇಲೆ ಬಿದ್ದಂತೆ ಬಿದ್ದಳು. ಮುದುಕರ ಉಸಿರು ಹುಸ್ಸೆಂದು ಹೊರಬಂತು.

"ನನ್ನ ವಯಸ್ಸಿಗೆ ಇದು ತಕ್ಕದ್ದಲ್ಲ" ಎಂದು ಅಲ್ಲಿಂದಲೇ ಹೇಳಿದರು. "ನೋಡ್ಕೊಂಡ್ಯಾ? ಇದ್ರಲ್ಲಿ ಪೆಟ್ಟು ನಿನಗೆ."

ಪ್ಲಾಸ್ಟರು ಇರುವಷ್ಟು ಕಾಲವೂ ಅವಳು ಬಿದ್ದಳು. ಕಾರ್ಖಾನೆಯಿಂದ ನೇರವಾಗಿ ಹೋಗಿ ಬೀಳುತ್ತಿದ್ದಳು. ಮೊದಲು ಒಬ್ಬಳೇ, ಆಮೇಲೆ ನರ್ಸಮ್ಮನನ್ನು ಮೈಮೇಲೆ ಹೊತ್ತು. ಬೆನ್ನು ಕರಿಬದನೆಯ ಬಣ್ಣಕ್ಕೆ ತಿರುಗಿತು. ಮಿಷನ್ನಿನ ಮುಂದೆ ಕೂರಲು ಮೆತ್ತೆ ಬೇಕಾಯಿತು. ಯಾಕೆ ಬೀಳುತ್ತಿದ್ದೇನೆ ಎಂದು ತನಗೇ ಗೊತ್ತಿರಲಿಲ್ಲ. ಮಗ ಹೊರಟುಹೋಗುವುದು ಖಾತ್ರಿಯಾಗಿತ್ತು. ಗಂಡನಿಗೆ ಹೇಳಲಿಲ್ಲ. ಹೇಳುವ ಮುಖ ಅವಳಿಗಿರಲಿಲ್ಲ.

ಪ್ಲಾಸ್ಟರು ತೆಗೆದರು, ಹೋಗುವ ದಿನ ಬಂತು. ಚೀಲದಲ್ಲಿ ಕೊರಳಿಲ್ಲದ ಮೆತ್ತನೆಯ ಅಂಗಿಗಳನ್ನೇ ಮಡಿಸಿಟ್ಟಳು. ಬಾಡಿಗೆ ಕಾರು ವಸತಿ ಕೇಂದ್ರದ ಗೇಟಿನ ಮುಂದೆ ನಿಂತಿತು. ಗಂಡ ಇಳಿದು ಬಾಗಿಲು ತೆರೆದ. ಪುಟ್ಟ ಒಂದು ಕಾಲು ಕೆಳಗಿಟ್ಟ.

ಅಡುಗೆ ಸಾಮಾನು ತಂದಿದ್ದ ಲಾರಿ ಪಕ್ಕದ ಓಣಿಯಿಂದ ಹಿಂದಕ್ಕೆ ಬರತೊಡಗಿದ್ದು ಆಗಲೇ. ಪೀಂ ಪೀಂ.

ಗಂಡ ಚೀಲ ಕೈಬಿಟ್ಟು ಹಿಡಿದ. ಅವನ ಕೈಗೆ ಅಂಗಿ ಬಂತು. ಅಂಗಿ ಮಾತ್ರ.

ಅವಳು ಕಾರಿನ ಆ ಬದಿಯಿಂದ ಸುತ್ತಿ ಬಂದು ಪಕ್ಕದಿಂದ ಹೊಕ್ಕಳು. ಬೆವರಿದ ಬರಿಮೈ. ಕಂಕುಳ ಕೆಳಗೆ ಕೈ ತೂರಿಸಿ ಬೆರಳಿಗೆ ಬೆರಳು ಹೆಣೆದಳು. ಕೆನ್ನೆಯನ್ನು ಅವನ ಎದೆಗೊತ್ತಿ, ಕಾಲುಗಳನ್ನು ತಮ್ಮಷ್ಟಕ್ಕೆ ಕುಸಿಯಲು ಬಿಟ್ಟಳು. ಆಕಾಶ ತಿರುಗಿತು. ಗದ್ದ ತನ್ನ ಎದೆಗೆ ಒತ್ತಿತ್ತು, ಬೆನ್ನು ಗುಂಡಗಿತ್ತು. ಆದರೆ ನೆಲಕ್ಕೆ ಬಡಿಯಲು ಕೈ ಖಾಲಿಯಿರಲಿಲ್ಲ, ಎರಡೂ ಅವನಲ್ಲಿದ್ದವು. ಡಾಂಬರು ಅವಳ ಬೆನ್ನಿಗೆ ಬಡಿಯಿತು. ಮೇಲಿಂದ ಮಗನ ಅಷ್ಟೂ ಭಾರ.

ಉಸಿರು ಬರಲಿಲ್ಲ. ಬಂದಾಗ ಚುಚ್ಚಿಕೊಂಡು ಬಂತು. ಇನ್ನೇನು ಒದ್ದಾಡುತ್ತಾನೆ, ತಲೆಯಿಂದ ಗುದ್ದುತ್ತಾನೆ ಎಂದು ಕಣ್ಣು ಮುಚ್ಚಿ ಕಾದಳು. ಅವನ ಎದೆ ಅವಳ ಎದೆಯ ಮೇಲೆ ದಡದಡ ಹೊಡೆದುಕೊಳ್ಳುತ್ತಿತ್ತು. ಲಾರಿ ನಿಂತಿತು, ಕೂಗೂ ನಿಂತಿತು. ಅವನು ಏಳಲಿಲ್ಲ. ಎರಡು ಅಂಗೈಗಳನ್ನೂ ಅವಳ ಭುಜಕ್ಕೆ ಒತ್ತಿದ, ಲಾರಿಯ ಬೆನ್ನಿಗೆ ಒತ್ತುತ್ತಿದ್ದ ಹಾಗೆ, ಮತ್ತು ಹಾಗೇ ಬಿದ್ದುಕೊಂಡ.

ಗೇಟಿನಿಂದ ದಾದಿಯೂ ಇನ್ನೊಬ್ಬ ಆಳೂ ಓಡಿ ಬಂದರು. ಆಳಿನ ಕೈಯಲ್ಲಿ ಬೆಲ್ಟಿತ್ತು.

"ಬಿಡಿ ಅಮ್ಮಾ, ನಾವು ಹಿಡ್ಕೋತೀವಿ."

"ಹಿಡ್ಕೊಂಡಿದ್ದೀನಿ" ಎಂದಳು ಅವಳು. ದನಿ ಅವನ ಭಾರದಡಿಯಿಂದ ಚಪ್ಪಟೆಯಾಗಿ ಬಂತು.

ಗಂಡ ಅಂಗಿ ಹಿಡಿದು ನಿಂತೇ ಇದ್ದ. ಕಾರಿನ ಡ್ರೈವರು ಹಾರನ್ ಹೊಡೆದರೂ ತಿರುಗಲಿಲ್ಲ. ನಿಧಾನವಾಗಿ ಬಂದು ರಸ್ತೆಯ ಮೇಲೇ ಕೂತ. ಅಂಗಿಯನ್ನು ಮಡಿಸಿ, ಮಗನ ಮೈ ಸೋಕದಂತೆ, ಅವಳ ತಲೆಯ ಕೆಳಗೆ ತೂರಿಸಿದ. ಕುತ್ತಿಗೆಯ ಹತ್ತಿರ ರವಿಕೆ ಸರಿದ ಕಡೆ ಪೆಟ್ಟಿಗೆ ಕಂದಿದ ಹಳೆಯ ಕಲೆಗಳು ಕಂಡಿರಬೇಕು. ಬಹಳ ಹೊತ್ತು ಅಲ್ಲೇ ನೋಡಿದ.

"ಇದು ಇವತ್ತಿನದಲ್ಲ" ಎಂದ.

"ಅಲ್ಲ."

ಅವಳಿಗೆ ಎಡಗೈಯ ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪುಟ್ಟ ಇನ್ನೂ ಬೆಳೆಯುತ್ತಿದ್ದಾನೆ ಎಂಬುದು ನೆನಪಿಗೆ ಬಂತು. ಹೋದ ವರ್ಷದ ಪ್ಯಾಂಟುಗಳೆಲ್ಲ ಗಿಡ್ಡವಾಗಿದ್ದವು. ಇನ್ನೊಂದು ವರ್ಷಕ್ಕೆ ಈ ಬೆನ್ನು ಅವನನ್ನು ತಡೆದೀತೇ?

ಆಳು ಬೆಲ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, "ಏನ್ಮಾಡೋಣ ಸಾರ್?" ಎಂದು ಕೇಳಿದ.

ಗಂಡ ಗ್ರೀಸು ಹತ್ತಿದ ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡು, ಹೆಂಡತಿಯ ಕಿವಿಯ ಬಳಿ ಬಗ್ಗಿದ.

"ಹೀಗೆ ಬೀಳೋದು ಕಲಿಯೋಕೆ ತುಂಬಾ ದಿನ ಬೇಕಾ?"